ಪಾಲಿಶ್ ಮಾಡಿದರೂ ಹೊಳೆಯದ ಕಾರು: ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ

ತೊಳೆದಾಯಿತು, ವ್ಯಾಕ್ಸ್ ಹಚ್ಚಿದ್ದಾಯಿತು, ಕೈ ನೋಯುವಷ್ಟು ಉಜ್ಜಿದ್ದೂ ಆಯಿತು. ನೆರಳಿನಲ್ಲಿ ಕಾರು ಹೊಸದರಂತೆಯೇ ಕಾಣುತ್ತದೆ. ಬಿಸಿಲಿಗೆ ತಂದ ಕೂಡಲೇ ಬಾನೆಟ್ ತುಂಬ ಜೇಡರ ಬಲೆಯಂಥ ಗೀರುಗಳು, ಬಾಗಿಲಿನ ಮೇಲೆ ಬಿಳಿಯ ಉಂಗುರಗಳು, ಛಾವಣಿಯ ಮೇಲೆ ಎಷ್ಟು ಒರೆಸಿದರೂ ಹೋಗದ ಮಬ್ಬು. ಇಂಥ ಹೊತ್ತಿನಲ್ಲಿ ಬಹಳಷ್ಟು ಮಂದಿ ಇನ್ನೊಂದು ಬಾಟಲಿ ಕೊಳ್ಳುತ್ತಾರೆ. ಅದಕ್ಕೂ ಮುಂಚೆ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಹೊಳಪನ್ನು ಕೆಡಿಸುತ್ತಿರುವುದು ಬಣ್ಣದ ಮೇಲಿದೆಯೋ, ಬಣ್ಣದೊಳಗಿದೆಯೋ, ಇಲ್ಲ ಬಣ್ಣವೇ ಕೆಟ್ಟಿದೆಯೋ?

ಮೇಲ್ಮೈ ಸಮತಟ್ಟಾಗಿದ್ದರೆ ಬೆಳಕು ಚದುರದೆ ಹಿಂತಿರುಗುತ್ತದೆ. ಅದನ್ನೇ ನಾವು ಹೊಳಪು ಎನ್ನುತ್ತೇವೆ. ಚದುರಿಸುವ ವಸ್ತು ಮೇಲೆ ಕೂತಿದ್ದರೆ ಕರಗಿಸಿ ತೆಗೆಯಬೇಕು. ಗೀರು ಒಳಗೆ ಇಳಿದಿದ್ದರೆ ಸುತ್ತಲಿನ ಪದರವನ್ನು ತೇಯ್ದು ಸಮ ಮಾಡಬೇಕು. ಬಣ್ಣವೇ ಕೆಟ್ಟಿದ್ದರೆ ಪೇಂಟರ್ ಬಳಿ ಹೋಗಬೇಕು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಕರಗಿಸಬೇಕಾದ ಕಲೆಯನ್ನು ಕಾಂಪೌಂಡ್ (ಪದರ ತೇಯುವ ಒರಟು ಪಾಲಿಶ್) ಹಾಕಿ ತೇಯ್ದರೆ ಕಲೆಯೇನೋ ಹೋದೀತು, ಜೊತೆಗೆ ಮರಳಿ ಬಾರದ ಪದರವೂ ಹೋಗುತ್ತದೆ.

ತೇಯುವುದಕ್ಕೆ ಎಷ್ಟಿದೆ?

ಕಾರ್ಖಾನೆಯಿಂದ ಬಂದ ಕಾರಿನ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರಲ್ಲಿ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ ಕೊಡುವ ಬೇಸ್ ಕೋಟ್, ಎಲ್ಲದರ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತವೆ. ನಾವು ಪಾಲಿಶ್ ಮಾಡುವುದು ಈ ಕ್ಲಿಯರ್ ಕೋಟನ್ನು ಮಾತ್ರ. ಅದರ ದಪ್ಪ ಹೆಚ್ಚೆಂದರೆ 40–50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವ ಅಂಶ ಇರುವುದೂ ಅದರಲ್ಲೇ. ಈ ಪದರವನ್ನು ತೀರಾ ತೆಳುವಾಗಿಸಿದರೆ ಅಂದು ಹೊಳೆದ ಕಾರು ಕೆಲವು ಬೇಸಿಗೆಗಳಲ್ಲಿ ಸಿಪ್ಪೆ ಏಳುತ್ತದೆ.

ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇಡೀ ಕಾರನ್ನು ಅಳೆಯಿರಿ. ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ, ಹೋಲಿಕೆಯಿಂದ ತಿಳಿಯುತ್ತದೆ. ಎಲ್ಲೆಡೆ 120ರ ಆಸುಪಾಸಿನಲ್ಲಿದ್ದು ಒಂದು ಬಾಗಿಲು ಮಾತ್ರ 260 ತೋರಿಸಿದರೆ ಅದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ. ಸಾವಿರ ದಾಟಿದರೆ ಒಳಗೆ ಪುಟ್ಟಿ ಇದೆ. ಛಾವಣಿ 80 ತೋರಿಸಿದರೆ ಯಾರೋ ಆಗಲೇ ಸಾಕಷ್ಟು ತೇಯ್ದಿದ್ದಾರೆ ಎಂದು ಅನುಮಾನಿಸಿ, ಅಲ್ಲಿ ಪಾಲಿಶ್ ಯಂತ್ರ ಇಡಬೇಡಿ. ಸಾಮಾನ್ಯ ಮೀಟರ್ ಒಟ್ಟು ದಪ್ಪವನ್ನಷ್ಟೇ ಹೇಳುತ್ತದೆ, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ. ಪ್ಲಾಸ್ಟಿಕ್ ಬಂಪರ್ ಮೇಲೆ ಅದು ಕೆಲಸವನ್ನೇ ಮಾಡುವುದಿಲ್ಲ. ಮೀಟರ್ ಇಲ್ಲದವರು ಅಂಚುಗಳಿಗೂ ಮಡಿಕೆಯ ಗೆರೆಗಳಿಗೂ ಟೇಪ್ ಅಂಟಿಸಲಿ. ಚೂಪಾದ ಅಂಚಿನಲ್ಲಿ ಬಣ್ಣ ಮೊದಲೇ ತೆಳು, ಯಂತ್ರದ ಪ್ಯಾಡಿನ ಒತ್ತಡವೂ ಅಲ್ಲೇ ಹೆಚ್ಚು.

ಇನ್ನೊಂದು ಮಾತು: ಮ್ಯಾಟ್ ಬಣ್ಣದ ಕಾರಾದರೆ ಪಾಲಿಶ್ ಗೊಡವೆಗೇ ಹೋಗಬೇಡಿ. ಉಜ್ಜಿದ ಕಡೆ ಹೊಳೆಯುವ ತೇಪೆ ಉಳಿದುಬಿಡುತ್ತದೆ, ಅದನ್ನು ಮತ್ತೆ ಮ್ಯಾಟ್ ಮಾಡಲು ದಾರಿಯಿಲ್ಲ.

ನೋಡುವ ಮುನ್ನ

ಧೂಳು ಕೂತ ಕಾರಿನಲ್ಲಿ ಯಾವ ದೋಷವೂ ಸರಿಯಾಗಿ ಕಾಣುವುದಿಲ್ಲ. ತೊಳೆದು, ಒಣಗಿಸಿ, ನೆರಳಿನಲ್ಲಿ ತಣ್ಣಗಾಗಲು ಬಿಡಿ. ಆಮೇಲೆ ಒಂದೇ ಬಿಂದುವಿನಿಂದ ಬೆಳಕು ಬರುವ ಪ್ರಖರ ಎಲ್‌ಇಡಿ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಟ್ಯೂಬ್‌ಲೈಟಿನ ಹರಡಿದ ಬೆಳಕು ಗೀರುಗಳನ್ನು ಮುಚ್ಚಿಡುತ್ತದೆ. ಮಾರಾಟಕ್ಕಿಟ್ಟ ಹಳೆಯ ಕಾರುಗಳು ಒಳಾಂಗಣದಲ್ಲಿ ಅಷ್ಟು ಚೆಂದ ಕಾಣುವುದರ ಗುಟ್ಟಿನಲ್ಲಿ ಅರ್ಧ ಇದೇ.

ಉಳಿದರ್ಧ ಗ್ಲೇಜ್‌ನದು. ಎಣ್ಣೆಯ ಅಂಶವಿರುವ ಗ್ಲೇಜ್, ಕ್ಲೀನರ್ ವ್ಯಾಕ್ಸ್‌ಗಳು ಗೀರನ್ನು ತೆಗೆಯದೆ ತುಂಬಿಬಿಡುತ್ತವೆ. ಆದ್ದರಿಂದ ಐಸೊಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ, ಆಲ್ಕೋಹಾಲ್ ಶೇಕಡಾ 15ರಿಂದ 25ರಷ್ಟು ಇರುವಂತೆ ನೋಡಿಕೊಂಡು, ಸ್ಪ್ರೇ ಮಾಡಿ ಒರೆಸಿದ ಮೇಲೆ ಕಾಣುವುದೇ ಬಣ್ಣದ ನಿಜಸ್ಥಿತಿ. ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕೆ ಮಾತ್ರ ಇದನ್ನು ತಾಗಿಸಬೇಡಿ, ಪೂರ್ತಿ ಗಟ್ಟಿಯಾಗದ ಬಣ್ಣವನ್ನು ಆಲ್ಕೋಹಾಲ್ ಮೆತ್ತಗಾಗಿಸಬಹುದು.

ಕೈಗೆ ಒರಟು, ಕಣ್ಣಿಗೆ ಮಂಕು

ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ, ತೊಳೆದ ಬಾನೆಟ್ ಮೇಲೆ ಬೆರಳ ತುದಿಯನ್ನು ಮೆಲ್ಲಗೆ ಸರಿಸಿ. ಬರಿಗೈಗೆ ನುಣುಪೆನಿಸಿದ್ದು ಈಗ ಮರಳುಕಾಗದದಂತೆ ತಗುಲಿದರೆ ದೋಷ ಬಣ್ಣದ ಮೇಲಿದೆ. ಪಾಲಿಶ್ ಬಾಟಲಿಯನ್ನು ಬದಿಗಿಡಿ.

ಒರಟು ಎಲ್ಲಿದೆ ಎನ್ನುವುದರಿಂದ ಅದು ಏನೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಚಕ್ರದ ಹಿಂಭಾಗದಲ್ಲಿ, ಬಾಗಿಲಿನ ಕೆಳಗೆ ಕಪ್ಪು ಚುಕ್ಕೆಗಳಿದ್ದರೆ ಡಾಂಬರು, ಅದಕ್ಕೆ ಟಾರ್ ರಿಮೂವರ್. ಬಿಳಿ ಕಾರಿನ ಮೇಲೆ ಸೂಜಿಮೊನೆಯಷ್ಟು ಕಿತ್ತಳೆ ಚುಕ್ಕೆಗಳಿದ್ದರೆ ಬ್ರೇಕಿನಿಂದಲೋ ರೈಲು ಹಳಿಯಿಂದಲೋ ಹಾರಿ ಕೂತು ತುಕ್ಕು ಹಿಡಿದ ಕಬ್ಬಿಣದ ಕಣ. ಮೇಲೆಲ್ಲ ಒಂದೇ ಸಮನೆ ಒರಟಾಗಿದ್ದು, ಗಾಜಿನ ಮೇಲೂ ಅದೇ ಒರಟು ಇದ್ದರೆ, ಹತ್ತಿರದಲ್ಲಿ ಎಲ್ಲೋ ಸ್ಪ್ರೇ ಪೇಂಟ್ ಹೊಡೆದಿದ್ದಾರೆ. ಗಾಜನ್ನು ಮುಟ್ಟಿ ನೋಡುವುದನ್ನು ಹೆಚ್ಚಿನವರು ಮರೆಯುತ್ತಾರೆ.

ಕಬ್ಬಿಣ ತೆಗೆಯುವ ದ್ರಾವಣ ಹಾಕಿದಾಗ ಕಣವಿರುವ ಕಡೆ ನೇರಳೆ ಬಣ್ಣ ಇಳಿಯುತ್ತದೆ. ಅದರಲ್ಲಿರುವ ಥಯೋಗ್ಲೈಕೊಲೇಟ್ ಕಬ್ಬಿಣದೊಂದಿಗೆ ಸೇರಿ ಆಗುವ ಬದಲಾವಣೆ ಅದು. ಹೀಗಾಗಿ ಇದು ಮದ್ದೂ ಹೌದು, ಪರೀಕ್ಷೆಯೂ ಹೌದು. ಬಣ್ಣ ಬದಲಾಗದಿದ್ದರೆ ಅಲ್ಲಿರುವುದು ಬೇರೇನೋ. ದ್ರಾವಣ ಬಣ್ಣದ ಮೇಲೆ ಒಣಗಬಾರದು, ಬಿಸಿಲಿನಲ್ಲಿ ಹಾಕಲೇಬಾರದು. ಇಷ್ಟಾದ ಮೇಲೂ ಉಳಿದದ್ದಕ್ಕೆ ಕ್ಲೇ ಬಾರ್ (ಅಂಟಿದ ಕಣಗಳನ್ನು ಕಿತ್ತು ತೆಗೆಯುವ ಜೇಡಿಮಣ್ಣಿನಂಥ ಮೆತ್ತನೆಯ ತುಂಡು), ಅದೂ ಧಾರಾಳವಾಗಿ ಜಾರುದ್ರವ ಸಿಂಪಡಿಸಿಕೊಂಡು. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ. ಎಷ್ಟೇ ಜಾಗ್ರತೆ ವಹಿಸಿದರೂ ಕ್ಲೇ ಸಣ್ಣ ಗೀರು ಬಿಡುತ್ತದೆ, ಆದ್ದರಿಂದ ಪಾಲಿಶ್ ಮಾಡುವ ಉದ್ದೇಶವಿಲ್ಲದಿದ್ದರೆ ಸುಮ್ಮಸುಮ್ಮನೆ ಅದನ್ನು ಹಿಡಿಯಬೇಡಿ.

ಬಿಳಿಯ ಉಂಗುರ, ಹಿಕ್ಕೆಯ ಗುರುತು

ಗಡಸು ನೀರು ಬಣ್ಣದ ಮೇಲೆ ಒಣಗಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಉಂಗುರವಾಗಿ ಉಳಿಯುತ್ತವೆ. ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಉಂಗುರದ ಮೇಲೆ ಒಂದೆರಡು ನಿಮಿಷ ಇಟ್ಟು, ಒರೆಸಿ, ಚೆನ್ನಾಗಿ ತೊಳೆಯಿರಿ. ಮಾಯವಾದರೆ ಅದು ಮೇಲೆ ಕೂತಿದ್ದ ಲವಣ. ಬಿಳಿ ಹೋಗಿ ಉಂಗುರದ ಅಂಚು ಮಾತ್ರ ಟಾರ್ಚಿನ ಬೆಳಕಿಗೆ ಇನ್ನೂ ಕಂಡರೆ ಕ್ಲಿಯರ್ ಕೋಟ್ ಕೊರೆದುಹೋಗಿದೆ, ಅದಕ್ಕೆ ಪಾಲಿಶ್ ಬೇಕು.

ಹಕ್ಕಿಯ ಹಿಕ್ಕೆಯದೂ ಇದೇ ಕಥೆ, ವೇಗ ಮಾತ್ರ ಹೆಚ್ಚು. ಬಿಸಿಲಿಗೆ ಕಾದ ಕ್ಲಿಯರ್ ಕೋಟ್ ಮೆದುವಾಗುತ್ತದೆ, ಮೇಲೆ ಹಿಕ್ಕೆ ಒಣಗಿ ಬಿಗಿಯುತ್ತದೆ, ತಣ್ಣಗಾದಾಗ ಬಣ್ಣ ಅದರ ಅಚ್ಚನ್ನೇ ತಾಳುತ್ತದೆ. ಒಣಗಿದ ಹಿಕ್ಕೆಯನ್ನು ಉಗುರಿನಿಂದ ಕೆರೆಯುವ ಬದಲು ಒದ್ದೆ ಬಟ್ಟೆಯನ್ನು ಅದರ ಮೇಲೆ ಹಾಸಿ, ನೆನೆದ ಮೇಲೆ ಎತ್ತಿ ತೆಗೆಯಿರಿ. ಅದರೊಳಗೆ ಮರಳಿನ ಕಣಗಳಿರುತ್ತವೆ.

ಬಿಸಿಲಿನಲ್ಲಿ ಕಾಣುವ ಬಲೆ

ಈ ದೋಷದ ಬಗ್ಗೆ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಕಾರು ಮಂಕಾಗಿದೆ ಎಂಬ ದೂರುಗಳಲ್ಲಿ ಬಹುಪಾಲು ಇದೇ.

ಸೂರ್ಯನ ಪ್ರತಿಬಿಂಬದ ಸುತ್ತ ವೃತ್ತಾಕಾರದ ಗೀರುಗಳು ಕಾಣುತ್ತವೆ. ಅದನ್ನು ನೋಡಿದವರು ‘ಯಾರೋ ದುಂಡಗೆ ಉಜ್ಜಿದ್ದಾರೆ’ ಎಂದು ತೀರ್ಮಾನಿಸಿ, ಇನ್ನು ಮುಂದೆ ನೇರವಾಗಿ ಒರೆಸಲು ಹೊರಡುತ್ತಾರೆ. ಆದರೆ ಟಾರ್ಚನ್ನು ಒಂದಡಿ ಪಕ್ಕಕ್ಕೆ ಸರಿಸಿ ನೋಡಿ, ವೃತ್ತವೂ ಜೊತೆಗೇ ಸರಿಯುತ್ತದೆ. ಅಲ್ಲಿರುವುದು ಎಲ್ಲ ದಿಕ್ಕಿಗೂ ಹರಡಿದ ಸಾವಿರಾರು ಸಣ್ಣ ಗೀರುಗಳು. ಬೆಳಕಿನ ಕಿರಣಕ್ಕೆ ಅಡ್ಡವಾಗಿರುವವು ಮಾತ್ರ ಮಿನುಗುವುದರಿಂದ ವೃತ್ತದಂತೆ ಕಾಣುತ್ತವೆ. ಕೈ ಯಾವ ದಿಕ್ಕಿಗೆ ಆಡಿತು ಎನ್ನುವುದು ಕಾರಣವಲ್ಲ, ಕೈಯಲ್ಲಿದ್ದ ಬಟ್ಟೆ ಮತ್ತು ಬಣ್ಣದ ನಡುವೆ ಏನು ಸಿಕ್ಕಿಕೊಂಡಿತ್ತು ಎನ್ನುವುದು ಕಾರಣ.

ಹಾಗಾಗಿ ಪಾಲಿಶ್ ಮಾಡುವುದಕ್ಕೂ ಮುಂಚೆ ತೊಳೆಯುವ ಸಾಮಾನನ್ನು ಪರೀಕ್ಷಿಸಿ. ಧೂಳಿನ ಮೇಲೆ ಒಣಬಟ್ಟೆ ಓಡಿಸುವ ಅಭ್ಯಾಸವಿದೆಯೇ? ಅಲ್ಲಿಗೆ ಪತ್ತೆ ಮುಗಿಯಿತು. ಒಂದೇ ಬಕೆಟ್ಟಿನಲ್ಲಿ ಇಡೀ ಕಾರು ತೊಳೆಯುತ್ತಿದ್ದರೆ ನೀರನ್ನು ಕಲಕದೆ ಸುರಿದು ತಳ ನೋಡಿ. ಅಲ್ಲಿ ಕೂತಿರುವ ಮರಳೇ ಪ್ರತಿ ಸಲವೂ ಸ್ಪಾಂಜಿನ ಜೊತೆ ಬಾನೆಟ್ ಮೇಲೆ ಓಡಾಡಿದ್ದು. ಶ್ಯಾಂಪೂವಿಗೆ ಒಂದು ಬಕೆಟ್, ಮಿಟ್ (ತೊಳೆಯುವ ಕೈಗವಸು) ಜಾಲಾಡಲು ಇನ್ನೊಂದು, ಮೇಲಿನಿಂದ ಕೆಳಕ್ಕೆ ತೊಳೆಯುವ ಕ್ರಮ, ಚಕ್ರಗಳಿಗೆ ಬೇರೆಯದೇ ಬಟ್ಟೆ: ಇಷ್ಟರಿಂದಲೇ ಹೊಸ ಗೀರುಗಳು ಬಹಳಷ್ಟು ತಗ್ಗುತ್ತವೆ. ಮೈಕ್ರೊಫೈಬರ್ ಬಟ್ಟೆಯನ್ನು ಅಂಗೈ ಮೇಲೆ ಹರಡಿ ಬೆಳಕಿಗೆ ಹಿಡಿಯಿರಿ. ಮೂಲೆಯಲ್ಲಿ ಹೊಲಿದ ಗಟ್ಟಿ ಲೇಬಲ್, ಎಳೆಗಳ ನಡುವೆ ಸಿಕ್ಕ ಒಣಹುಲ್ಲಿನ ಚೂರು, ಫ್ಯಾಬ್ರಿಕ್ ಸಾಫ್ಟನರ್ ಹಾಕಿ ಒಗೆದದ್ದರಿಂದ ಅಂಟಂಟಾದ ತುದಿಗಳು, ಯಾವುದು ಕಂಡರೂ ಆ ಬಟ್ಟೆ ಚಕ್ರ ಒರೆಸುವುದಕ್ಕೆ ಲಾಯಕ್ಕು. ಬ್ರಷ್ ತಿರುಗುವ ಸ್ವಯಂಚಾಲಿತ ವಾಷಿಂಗ್‌ಗೆ ಕಾರನ್ನು ಬಿಡುತ್ತಿದ್ದರೆ ಪಾಲಿಶ್‌ಗೆ ಸುರಿದ ಹಣವೂ ಶ್ರಮವೂ ನೀರಿನಲ್ಲಿ ಹೋಮ.

ಇದೆಲ್ಲ ಸರಿಹೋದ ಮೇಲೆ ಪಾಲಿಶ್. ಬಾನೆಟ್ಟಿನಲ್ಲಿ ಒಂದೂವರೆ ಅಡಿ ಚೌಕದ ಜಾಗವನ್ನು ಟೇಪಿನಿಂದ ಗುರುತಿಸಿ, ನಿಮ್ಮಲ್ಲಿರುವುದರಲ್ಲಿ ಎಲ್ಲಕ್ಕಿಂತ ಮೃದುವಾದ ಪಾಲಿಶ್ ಮತ್ತು ಮೃದು ಫೋಮ್ ಪ್ಯಾಡಿನಿಂದ ಶುರು ಮಾಡಿ. ಆಲ್ಕೋಹಾಲಿನಿಂದ ಒರೆಸಿ, ಟೇಪ್ ಕಿತ್ತು, ಟಾರ್ಚ್ ಹಿಡಿದು ಗೆರೆಯ ಎರಡೂ ಬದಿ ನೋಡಿ. ಸಾಲದಿದ್ದರೆ ಮೊದಲು ಪ್ಯಾಡನ್ನು ಗಟ್ಟಿಯದಕ್ಕೆ ಬದಲಿಸಿ, ಆಮೇಲೆ ಪಾಲಿಶನ್ನು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಒಂದು ಕಾರಿಗೆ ಒಗ್ಗಿದ ಜೋಡಿ ಇನ್ನೊಂದಕ್ಕೆ ಒಗ್ಗಲೇಬೇಕೆಂದಿಲ್ಲ: ಕೆಲವು ಕ್ಲಿಯರ್ ಕೋಟ್ ಬಟ್ಟೆ ಸವರಿದರೂ ಗೀರು ಬೀಳುವಷ್ಟು ಮೆದು, ಕೆಲವು ಕಾಂಪೌಂಡಿಗೂ ಜಗ್ಗದಷ್ಟು ಗಡಸು.

ಪಾಲಿಶ್ ಮಾಡಿದ ಮೇಲೆ ಹುಟ್ಟಿದ ದೋಷಗಳು

ಬಿಸಿಲಿನಲ್ಲಿ ಅಗಲವಾದ, ಅಲೆಯಂತೆ ಬಾಗಿದ ಪಟ್ಟೆಗಳು ಕಂಡರೆ ಅದು ಹಾಲೊಗ್ರಾಮ್. ಬಲೆಯ ಗೀರಿನ ಹಾಗೆ ಅದು ಬೆಳಕಿನ ಸುತ್ತ ವೃತ್ತವಾಗಿ ಕಾಣುವುದಿಲ್ಲ, ಯಂತ್ರ ನಡೆದ ದಾರಿಯನ್ನೇ ಹಿಡಿದಿರುತ್ತದೆ. ಒಂದೇ ಅಕ್ಷದ ಮೇಲೆ ತಿರುಗುವ ರೋಟರಿ ಯಂತ್ರವನ್ನು ಉಣ್ಣೆಯ ಪ್ಯಾಡಿನೊಂದಿಗೆ ಬಳಸಿ, ಕೊನೆಯ ನುಣುಪಿನ ಸುತ್ತನ್ನು ಬಿಟ್ಟರೆ ಬರುವ ಗುರುತು ಇದು. ಡ್ಯುಯಲ್ ಆ್ಯಕ್ಷನ್ (ತಿರುಗುತ್ತಲೇ ಓಲಾಡುವ) ಯಂತ್ರ, ಮೃದು ಫೋಮ್, ಫಿನಿಶಿಂಗ್ ಪಾಲಿಶ್ ಸಾಮಾನ್ಯವಾಗಿ ಸಾಕು, ಮತ್ತೆ ಕಾಂಪೌಂಡ್ ಬೇಡ.

ಗಾಢ ಬಣ್ಣದ ಕಾರಿನಲ್ಲಿ ಗೀರು ಹೋಗಿ ಅದರ ಜಾಗದಲ್ಲಿ ತೆಳುವಾದ ಬೂದು ಮುಸುಕು ಉಳಿದಿದ್ದರೆ, ಪಾಲಿಶ್ ಮಾಡಿದ್ದೇ ಸೂಕ್ಷ್ಮ ಗೀರೆಬ್ಬಿಸಿದೆ. ಪ್ಯಾಡ್ ಅಗತ್ಯಕ್ಕಿಂತ ಗಟ್ಟಿಯೇ? ತೇಯ್ದ ಬಣ್ಣ ಮತ್ತು ಹಳೆಯ ಪಾಲಿಶ್ ಸೇರಿ ಪ್ಯಾಡಿನ ಮುಖ ಗಟ್ಟಿ ಬಿಲ್ಲೆಯಂತಾಗಿದೆಯೇ? ಪ್ರತಿ ಚೌಕ ಮುಗಿದ ಮೇಲೂ ಪ್ಯಾಡನ್ನು ಬ್ರಷ್‌ನಿಂದ ಕೆರೆಯಬೇಕು. ಬಿಳಿ ಪುಡಿ ಹಾರುತ್ತಿದ್ದರೆ ಪಾಲಿಶ್ ಒಣಗಿದೆ ಅಥವಾ ಲೋಹ ಬಿಸಿಯಾಗಿದೆ, ಅಂಗೈ ಇಟ್ಟು ನೋಡಿ. ಒರೆಸುವಾಗ ಜಿಡ್ಡಿನಂತೆ ಎಳೆದುಕೊಂಡರೆ ಪಾಲಿಶ್ ಹೆಚ್ಚಾಗಿದೆ, ಒಂದು ಚೌಕಕ್ಕೆ ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಸಾಕು.

ಎಷ್ಟು ಹೊತ್ತು ಮಾಡಿದರೂ ಗೀರು ಕದಲುತ್ತಿಲ್ಲವೇ? ಯಂತ್ರದ ಬ್ಯಾಕಿಂಗ್ ಪ್ಲೇಟಿನ (ಪ್ಯಾಡ್ ಅಂಟಿಸುವ ಬಿಲ್ಲೆಯ) ಅಂಚಿನಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆದು ಮತ್ತೆ ಓಡಿಸಿ. ಗೆರೆ ತಿರುಗದೆ ಒಂದೇ ಕಡೆ ನಡುಗುತ್ತಿದ್ದರೆ ಪ್ಯಾಡ್ ನಿಂತುಹೋಗಿದೆ: ಒತ್ತಡ ಹೆಚ್ಚಾಗಿದೆ, ಇಲ್ಲವೇ ಪ್ಯಾಡ್ ಬಾಗಿದೆ. ಒತ್ತಡ ತಗ್ಗಿಸಿ, ಪ್ಯಾಡನ್ನು ಸಮವಾಗಿ ಇರಿಸಿ, ಕೈಯ ವೇಗ ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳಿ. ಹೊಸಬರೆಲ್ಲ ನೆಲ ಒರೆಸುವ ವೇಗದಲ್ಲಿ ಯಂತ್ರ ಓಡಿಸುತ್ತಾರೆ.

ಒಂಟಿ ಗೀರು

ಗೀರಿಗೆ ಅಡ್ಡವಾಗಿ ಉಗುರನ್ನು ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಪಾಲಿಶ್‌ನಿಂದ ಅದನ್ನು ಪೂರ್ತಿ ತೆಗೆಯುವ ಆಸೆ ಬಿಡಿ, ಅಂಚುಗಳನ್ನು ದುಂಡಾಗಿಸಿ ಕಡಿಮೆ ಕಾಣುವಂತೆ ಮಾಡಬಹುದು. ಸಿಕ್ಕಿಕೊಳ್ಳದಿದ್ದರೆ ನೀರು ಸವರಿ. ಒದ್ದೆಯಾದಾಗ ಗೀರು ಕಣ್ಮರೆಯಾದರೆ ಅದು ಕ್ಲಿಯರ್ ಕೋಟ್ ದಾಟಿಲ್ಲ. ಒದ್ದೆಯಾದರೂ ಬೇರೆ ಬಣ್ಣ ಇಣುಕಿದರೆ ಪ್ರೈಮರ್ ತಲುಪಿದೆ, ಟಚ್‌ಅಪ್ ಬಣ್ಣವೇ ಗತಿ. ಬೆರಳಿಗೆ ಗೀರು ಉಬ್ಬಿದಂತೆ ತಗುಲಿದರೆ ಅದು ಗೀರೇ ಅಲ್ಲದಿರಬಹುದು, ಇನ್ನೊಂದು ವಾಹನದ ಬಣ್ಣವೋ ಗೋಡೆಯ ಸುಣ್ಣವೋ ಅಂಟಿಕೊಂಡಿರಬಹುದು.

ಇಡೀ ಛಾವಣಿ ಮಂಕಾಗಿದ್ದರೆ

ಬಿಳಿ ಬಟ್ಟೆಗೆ ತುಸು ಪಾಲಿಶ್ ಹಾಕಿ ಮರೆಯಲ್ಲಿರುವ ಒಂದು ಮೂಲೆಯಲ್ಲಿ ಉಜ್ಜಿ. ಹಳೆಯ ಕಾರಿನಲ್ಲಿ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅದು ಕ್ಲಿಯರ್ ಕೋಟ್ ಇಲ್ಲದ ಒಂಟಿ ಪದರದ ಬಣ್ಣ, ಮೇಲ್ಪದರ ಉತ್ಕರ್ಷಿಸಿ ಸುಣ್ಣದಂತಾಗಿದೆ. ಇದಕ್ಕೆ ಪಾಲಿಶ್ ತುಂಬಾ ಚೆನ್ನಾಗಿ ಒಗ್ಗುತ್ತದೆ, ಸಾಕಷ್ಟು ದಪ್ಪ ಉಳಿದಿದ್ದರೆ ಫಲ ಬೆರಗಾಗಿಸುತ್ತದೆ. ಅದೇ ಬಣ್ಣ ಇತ್ತೀಚಿನ ಕಾರಿನಲ್ಲಿ ಬಟ್ಟೆಗೆ ಹತ್ತಿದರೆ ತಕ್ಷಣ ನಿಲ್ಲಿಸಿ, ಕ್ಲಿಯರ್ ಕೋಟ್ ತೂತಾಗಿದೆ.

ಮಬ್ಬಿಗೆ ಅಂಚಿದ್ದರೆ, ಅಂದರೆ ಬಿಳಿಯ ತೇಪೆ ಒಂದು ಗೆರೆಯಲ್ಲಿ ನಿಂತು ಆ ಗೆರೆ ಉಗುರಿಗೆ ತಗುಲಿದರೆ, ಕ್ಲಿಯರ್ ಕೋಟ್ ಕೆಳಗಿನ ಪದರದಿಂದ ಬಿಟ್ಟುಕೊಳ್ಳುತ್ತಿದೆ. ಬಿಸಿಲು ನೇರ ಬೀಳುವ ಛಾವಣಿ, ಬಾನೆಟ್, ಡಿಕ್ಕಿಯ ಮುಚ್ಚಳದಲ್ಲಿ ಇದು ಮೊದಲು ಕಾಣುತ್ತದೆ. ಎಣ್ಣೆ ಸವರಿದಾಗ ಒಂದು ದಿನ ಚೆನ್ನಾಗಿ ಕಂಡರೂ ಇದಕ್ಕೆ ಪಾಲಿಶ್ ಇಲ್ಲ, ವ್ಯಾಕ್ಸ್ ಇಲ್ಲ, ಕೋಟಿಂಗ್ ಇಲ್ಲ. ಆ ಭಾಗವನ್ನು ಉಜ್ಜಿ ಮತ್ತೆ ಬಣ್ಣ ಹೊಡೆಯಬೇಕು.

ಹೊಳಪಿದ್ದೂ ಪ್ರತಿಬಿಂಬದ ಅಂಚು ಕಿತ್ತಳೆ ಸಿಪ್ಪೆಯಂತೆ ಅಲುಗಾಡಿದರೆ ಅದು ಬಣ್ಣ ಸಿಂಪಡಿಸಿದಾಗಲೇ ಬಂದ ಮೈಕಟ್ಟು. ಹೊಚ್ಚಹೊಸ ಕಾರುಗಳಲ್ಲೂ ಇರುತ್ತದೆ. ಅದನ್ನು ತೆಗೆಯಬೇಕಾದರೆ 2000, 3000 ಗ್ರಿಟ್‌ನ ನಯ ಮರಳುಕಾಗದದಿಂದ ನೀರು ಹಾಕಿ ತೇಯಬೇಕು. ಕಾರ್ಖಾನೆಯ ತೆಳು ಕ್ಲಿಯರ್ ಕೋಟ್ ಮೇಲೆ ಆ ಸಾಹಸ ಬೇಡವೆಂದೇ ನನ್ನ ಅಭಿಪ್ರಾಯ.

ರಕ್ಷಣೆಯ ಪದರ ಹಚ್ಚಿದ ಮೇಲೆ

ವ್ಯಾಕ್ಸ್ ಒರೆಸಿದರೂ ಗೆರೆ ಉಳಿದರೆ ದಪ್ಪ ಹಚ್ಚಿದ್ದೀರಿ, ಸ್ವಚ್ಛ ಬಟ್ಟೆ ತೇವ ಮಾಡಿಕೊಂಡು ಒರೆಸಿದರೆ ಹೋಗುತ್ತದೆ. ಸೆರಾಮಿಕ್ ಕೋಟಿಂಗ್‌ನದು ಅಷ್ಟು ಸುಲಭವಲ್ಲ. ಕಪ್ಪಗಿನ ಅಥವಾ ಕಾಮನಬಿಲ್ಲಿನ ಛಾಯೆಯ ತೇಪೆ ಕಂಡರೆ ಅಲ್ಲಿ ಕೋಟಿಂಗ್ ಹೆಚ್ಚಾಗಿ ನಿಂತಿದೆ. ಹಚ್ಚಿದ ಕೆಲವು ನಿಮಿಷಗಳೊಳಗೆ ಕಂಡರೆ ಬಟ್ಟೆಯಿಂದ ಸರಿಪಡಿಸಬಹುದು, ಗಟ್ಟಿಯಾದ ಮೇಲೆ ಪಾಲಿಶ್ ಮಾಡಿಯೇ ತೆಗೆಯಬೇಕು. ಆದ್ದರಿಂದ ಕೋಟಿಂಗ್ ಹಚ್ಚುವಾಗ ಒಂದೊಂದು ಭಾಗ ಮುಗಿದಂತೆ ಟಾರ್ಚ್ ಹಿಡಿದು ತಗ್ಗಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ನೀರು ಮುತ್ತಿನಂತೆ ಉರುಳುತ್ತಿದೆ ಎಂಬುದು ಪದರ ಇದೆ ಎನ್ನುವುದಕ್ಕೆ ಸಾಕ್ಷಿ, ಅದರ ಕೆಳಗಿರುವ ಬಣ್ಣ ಹೊಳೆಯುತ್ತಿದೆ ಎನ್ನುವುದಕ್ಕಲ್ಲ.

ಎರಡು ಮೂರು ಸಲ ತೊಳೆದ ಮೇಲೆ ಗೀರುಗಳು ಮತ್ತೆ ಕಾಣಿಸಿಕೊಂಡವೆಂದು ಹೇಳುವವರಿದ್ದಾರೆ. ಅವು ಹಳೆಯವೋ ಹೊಸವೋ ಎಂದು ತಿಳಿಯಲು, ಕೆಲಸ ಶುರು ಮಾಡುವ ಮುನ್ನವೇ ಟಾರ್ಚಿನ ಬೆಳಕಿನಲ್ಲಿ ಪ್ರತಿ ಭಾಗದ ಫೋಟೊ ತೆಗೆದಿಟ್ಟಿರಬೇಕು. ಅದೇ ಜಾಗದಲ್ಲಿ ಅದೇ ಗೀರು ಮರಳಿದ್ದರೆ ಅದು ಹೋಗಿರಲೇ ಇಲ್ಲ, ತುಂಬಿದ್ದ ಎಣ್ಣೆ ಶ್ಯಾಂಪೂವಿನಲ್ಲಿ ತೊಳೆದುಹೋಗಿದೆ, ಪಾಲಿಶ್ ಕೆಲಸ ಬಾಕಿ ಇದೆ. ಫೋಟೊದಲ್ಲಿ ಇಲ್ಲದ ಗೀರಾದರೆ ಬಕೆಟ್ಟಿನ ತಳವನ್ನೂ ಬಟ್ಟೆಯ ಮೂಲೆಯನ್ನೂ ಮತ್ತೊಮ್ಮೆ ನೋಡಿ.